ಹುಣಸೆಹಣ್ಣು ಬಿಟ್ಟುಕೊಟ್ಟವರ ಊರು

ಬೈನಾಕ್ಯುಲರ್ ನೇತುಹಾಕಿಕೊಂಡು ಹಕ್ಕಿ ನೋಡಲು ಹೊರಡುವ ಹುಚ್ಚು ನಿಮಗಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆಯಾದರೂ ಹೋಗಿರುತ್ತೀರಿ. ಅಲ್ಲಿ ಕಾಡೂ ಇಲ್ಲ, ಬೇಲಿಯೂ ಇಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ!

ಊರು ಮೊದಲು ಶಿಂಷಾ ನದಿಯ ದಡದಲ್ಲಿತ್ತಂತೆ. 1916ರ ಸುಮಾರಿಗೆ ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದರು, ಹಿಂದೆಯೇ ಹಕ್ಕಿಗಳೂ ಬಂದವು ಅಂತ ಊರಿನವರು ಹೇಳುತ್ತಾರೆ. ಅವರ ಪಾಲಿಗೆ ಇವು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಚಳಿಗಾಲದಲ್ಲಿ ಬಂದು, ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ.

ಸಲೀಂ ಅಲಿಯವರ ಒತ್ತಾಯದಿಂದ ರಂಗನತಿಟ್ಟು 1940ರಲ್ಲೇ ಪಕ್ಷಿಧಾಮವಾಯಿತು. ಬೆಳ್ಳೂರಿಗೆ ಅಂಥ ಭಾಗ್ಯವಿರಲಿಲ್ಲ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು (ಮುಂದೆ ಬೆಂಗಳೂರಿನಲ್ಲಿ ಲಕ್ಷಾಂತರ ಗಿಡ ನೆಡಿಸಿದವರು ಇವರೇ) 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಆದರೆ ಅಷ್ಟರವರೆಗೆ ಹಕ್ಕಿಗಳನ್ನು ಕಾಯ್ದವರು ಯಾರು? ಯಾವ ಕಾನೂನೂ ಅಲ್ಲ, ಊರ ಜನವೇ.

ಅದೇನು ಪುಕ್ಕಟೆ ಕೆಲಸವಲ್ಲ. ಹುಣಸೆ ಕೀಳುವ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುತ್ತವೆ. ಮರ ಹತ್ತಿ ಬಡಿದರೆ ಮರಿ ಸಾಯುತ್ತವೆ, ಹಾಗಾಗಿ ಜನ ಹಣ್ಣಿನ ಆಸೆಯನ್ನೇ ಬಿಟ್ಟರು. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ, ನಿಜ. ಹಣ್ಣಿನ ನಷ್ಟಕ್ಕೆ ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡಲು ಶುರುಮಾಡಿದ್ದು ಆಮೇಲೆ. 1990ರ ದಶಕದಲ್ಲಿ ಊರಿನ ಯುವಕರು ಮೈಸೂರಿನ ಹವ್ಯಾಸಿ ಪಕ್ಷಿಪ್ರಿಯರ ಜೊತೆ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ, ಸಾಕಿ, ಹಾರಲು ಬಂದ ಮೇಲೆ ಬಿಟ್ಟರು. 2007ರಲ್ಲಿ ಸರ್ಕಾರ ಈ ಊರನ್ನು 'ಸಮುದಾಯ ಮೀಸಲು' ಎಂದು ಘೋಷಿಸಿತು.

ಅಲ್ಲಿಗೆ ಕಥೆ ಸುಖಾಂತ್ಯ ಅಂದುಕೊಳ್ಳಬೇಡಿ. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳು. ಮರ ಬೆಳ್ಳೂರಿನದು, ಆದರೆ ಮೀನು ಸುತ್ತಮುತ್ತಲ ಕೆರೆಗಳದ್ದಲ್ಲವೇ? ಮದ್ದೂರು ಕೆರೆ, ಸೂಳೆಕೆರೆಗಳು ಕೆಟ್ಟರೆ ಒಂದೂರಿನ ಪ್ರೀತಿಯಿಂದ ಏನಾದೀತು?

ಸುಮಾರು ನೂರು ವರ್ಷ ಒಂದು ಊರು ತನ್ನ ಪಾಲಿನ ಕೆಲಸ ಮಾಡಿದೆ. ಕೆರೆಗಳನ್ನು ಉಳಿಸಿಕೊಳ್ಳುವುದು ಉಳಿದವರ ಪಾಲು. ಮುಂದಿನ ಸಲ ಅಲ್ಲಿಗೆ ಹೋದಾಗ ಹಕ್ಕಿಯ ಫೋಟೋ ತೆಗೆಯಿರಿ, ಜೊತೆಗೆ ಆ ಮರ ಯಾರದ್ದು ಅಂತಲೂ ಒಮ್ಮೆ ಕೇಳಿ... ಏನಂತೀರಿ?