ಉಕ್ಕು ಹೋಯಿತು, ಹದ ಉಳಿಯಿತು

ಯೂಟ್ಯೂಬ್‌ನಲ್ಲಿ ನಲವತ್ತು ವಿಡಿಯೋ ನೋಡಿಕೊಂಡು ನಾನು ಚಾಕು ಮಾಡೋದು ಕಲಿಯೋಕೆ ಹೋದದ್ದು ನಮ್ಮೂರು ಗುರುಗುಂಟಾದ ಕುಲುಮೆಗೆ. ಅಮರೇಶ್ವರನ ಜಾತ್ರೆ ಅಂತ ನಾಲ್ಕು ದಿನ ರಜೆ ಹಾಕಿದ್ದೆ. ಕಂಬಾರ ಕಾಕಾ ಲಾರಿಯ ಹಳೇ ಕಮಾನುಪಟ್ಟಿಯ ತುಂಡೊಂದನ್ನು ಕೈಗೆ ಕೊಟ್ಟು ‘ಕಾಸು, ಬಡಿ’ ಅಂದರು. ಕಿಡಿ ಹಾರುವಷ್ಟು ಕಾಸಿದೆ. ಬಡಿದೆ, ಆಕಾರ ಬಂತು. ನೀರಿಗೆ ಅದ್ದಿದೆ, ಚುಂಯ್ ಅಂತು. ಖುಷಿಯಿಂದ ಅಡಿಗಲ್ಲಿಗೆ ಕುಟ್ಟಿ ನೋಡಿದರೆ, ನನ್ನ ಮೊದಲ ಚಾಕು ಹಪ್ಪಳದ ಹಾಗೆ ಎರಡು ತುಂಡು!

‘ಸುಟ್ಟಿಯಲ್ಲೋ ತಮ್ಮಾ. ಕಾಸೋದು ಬ್ಯಾರೆ, ಸುಡೋದು ಬ್ಯಾರೆ,’ ಅಂದರು ಕಾಕಾ.

ಈ ತಪ್ಪು ಮಾಡಿದವರಲ್ಲಿ ನಾನೇ ಮೊದಲಿಗನಲ್ಲ. ನನಗಿಂತ ಇನ್ನೂರು ವರ್ಷ ಮೊದಲು ಯುರೋಪಿನ ಕಮ್ಮಾರರೂ ಇದನ್ನೇ ಮಾಡಿದ್ದರು.

ನಮ್ಮ ಸೀಮೆಗೆ ಚಾಕು ಹೊಸದಲ್ಲ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದಾಗ ಕೆಳಗಿನ ಪದರದಲ್ಲಿ ಸಿಕ್ಕಿದ್ದು ಕಲ್ಲಿನ ಸಣ್ಣ ಅಲಗುಗಳು. ಕಬ್ಬಿಣ ಬಂದದ್ದು ಅದರ ಮೇಲಿನ ಪದರದಲ್ಲಿ, ಬೃಹತ್ ಶಿಲಾಗೋರಿಗಳ ಜನರ ಕಾಲದಲ್ಲಿ. ಮಸ್ಕಿ ಅಂದರೆ ನಮಗೆ ನೆನಪಾಗೋದು 1915ರಲ್ಲಿ ಸಿಕ್ಕ ಅಶೋಕನ ಶಾಸನ. ಪಕ್ಕದ ಹಟ್ಟಿ ಅಂದರೆ ಚಿನ್ನ. ಕಬ್ಬಿಣವನ್ನು ಯಾರೂ ಕೇಳೋದಿಲ್ಲ.

ಆದರೆ ದಕ್ಷಿಣ ಭಾರತದಿಂದ ಜಗತ್ತು ಕೇಳಿ ಪಡೆದದ್ದು ಕಬ್ಬಿಣದ ಮಗನನ್ನೇ. ನಮ್ಮ ‘ಉಕ್ಕು’ ಇಂಗ್ಲಿಷರ ಬಾಯಲ್ಲಿ ‘ವೂಟ್ಜ್’ ಆಯಿತು ಅನ್ನೋದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ ಮಾತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ ಹಾಕಿ ಉಕ್ಕು ಮಾಡೋದನ್ನು ಬರೆದಿಟ್ಟಿದ್ದಾನೆ. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತದೆ.

ಅದಕ್ಕೂ ಮೊದಲೇ, 1795ರಲ್ಲಿ, ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ್ದ. ಅವನಿಗೆ ಅದರಿಂದ ಪೆನ್ನು ಕೆತ್ತುವ ಚಾಕು ಮಾಡಿಕೊಟ್ಟವನು ಜೇಮ್ಸ್ ಸ್ಟೋಡಾರ್ಟ್. ಮುಂದೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಲು ಕೂತವನು ಮೈಕೆಲ್ ಫ್ಯಾರಡೆ. ಅವನೂ ಕಮ್ಮಾರನ ಮಗ! ಆದರೆ ಬೇರೆ ಕಮ್ಮಾರರ ಕೈಯಲ್ಲಿ ವೂಟ್ಜ್ ಪುಡಿಪುಡಿಯಾಗುತ್ತಿತ್ತು. ಅದರಲ್ಲಿ ಇಂಗಾಲ ಸುಮಾರು 1.5%, ತಮ್ಮ ಕಬ್ಬಿಣದಂತೆ ಬೆಳ್ಳಗೆ ಕಾಸಿ ಬಡಿದರೆ ಒಡೆಯುತ್ತದೆ, ಕೆಂಪಿನಲ್ಲೇ ಬಡಿಯಬೇಕು. ಉಕ್ಕು ಹಡಗು ಹತ್ತಿತ್ತು. ಹದ ಹತ್ತಿರಲಿಲ್ಲ.

ಮರುದಿನ ಕಾಕಾ ಆ ಹದ ತೋರಿಸಿದರು. ಕೆಂಪಗೆ ಕಾಸಿ ನೀರು ಕುಡಿಸಿದ ಅಲಗು ಗಟ್ಟಿ, ಆದರೆ ಗಾಜಿನಂತೆ ಪೆಡಸು. ಅದನ್ನು ತಿಕ್ಕಿ ಹೊಳಪು ಮಾಡಿ, ಮತ್ತೆ ಸಣ್ಣ ಶಾಖಕ್ಕೆ, 200 ಡಿಗ್ರಿಗೆ ಸ್ವಲ್ಪ ಮೇಲೆ, ಹಿಡಿಯಬೇಕು. ಆಗ ಅಲಗಿನ ಮೇಲೆ ಹಳದಿ ಛಾಯೆ ಹರಿಯುತ್ತದೆ. ‘ಜ್ವಾಳದ ಕಣಿಕಿ ಬಣ್ಣ ಬಂತಂದ್ರ ಸಾಕು, ತಗಿ,’ ಅಂದರು. ಥರ್ಮಾಮೀಟರ್ ಇಲ್ಲ, ಕಣ್ಣೇ ಎಲ್ಲಾ.

‘ಮಗನಿಗೆ ಕಲಿಸಿದ್ರಾ ಕಾಕಾ?’ ಅಂತ ಕೇಳಿದೆ.

ಕಾಕಾ ನಕ್ಕರು. ಮೊದಲು ಸುಗ್ಗಿಯಲ್ಲಿ ರೈತರು ವರ್ಷದ ಕೆಲಸಕ್ಕೆ ಆಯ ಅಂತ ಜೋಳ ಅಳೆಯುತ್ತಿದ್ದರು. ಈಗ ಕುಡುಗೋಲೂ ಅಂಗಡಿಯದು. ‘ಅವನ್ನ ಈ ಬೆಂಕಿಯಿಂದ ಬಿಡಸಾಕ ಇಪ್ಪತ್ತು ವರ್ಷ ದುಡದೀನಿ. ಹೈದರಾಬಾದಿನಾಗ ಎಸಿ ರಿಪೇರಿ ಮಾಡ್ತಾನ. ನೀ ನೋಡಿದ್ರ ರಜಾ ಹಾಕಿ ಕಲಿಯಾಕ ಬಂದೀ!’

ನನ್ನ ಬಳಿ ಉತ್ತರ ಇರಲಿಲ್ಲ. ನನಗೆ ಹವ್ಯಾಸವಾದದ್ದು ಅವರಿಗೆ ತಪ್ಪಿಸಿಕೊಳ್ಳಬೇಕಾದ ಬದುಕು. ‘ಕಲೆ ಉಳೀಬೇಕು’ ಅಂತ ಅವರಿಗೆ ಹೇಳೋಕೆ ನಾಲಿಗೆ ಬರಲಿಲ್ಲ.

ಎರಡನೇ ಚಾಕು ಮುರಿಯಲಿಲ್ಲ. ಇಂದಿರಾನಗರದ ಅಡುಗೆಮನೆಯಲ್ಲಿ ಅದರಿಂದಲೇ ಈರುಳ್ಳಿ ಹೆಚ್ಚುತ್ತೇನೆ. ಕಣಿಕಿ ಬಣ್ಣ ಬಂದ ಗಳಿಗೆಯಲ್ಲಿ ಫೋನಿನಲ್ಲಿ ಫೋಟೋ ತೆಗೆದಿದ್ದೆ, ಮುಂದೆ ನೋಡಿಕೊಂಡು ಮಾಡೋಣ ಅಂತ. ಮೊನ್ನೆ ತೆರೆದು ನೋಡಿದೆ. ಫೋಟೋದಲ್ಲಿ ಬಣ್ಣ ಬೇರೆಯೇ ಬಂದಿದೆ.