ತೆರೆಯ ಮೇಲಿನ ಕನ್ನಡ: ಬರೆಯುವವರ ಅನುಕೂಲದಿಂದ ಓದುವವರ ಕಡೆಗೆ

1996ರಲ್ಲಿ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಜಾಲತಾಣ ಆರಂಭಿಸಿದ ದಿನಗಳಿಂದ ಮುಂದಿನ ಹತ್ತು ಹನ್ನೆರಡು ವರ್ಷ ಅಂತರಜಾಲದ ಕನ್ನಡ ಒಂದೇ ಚಿಂತೆಯಲ್ಲಿ ಕಳೆಯಿತು: ಕನ್ನಡ ಟೈಪಿಸುವುದು ಹೇಗೆ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ 'ಬರಹ' ತಂತ್ರಾಂಶ, ಆಮೇಲಿನ 'ನುಡಿ' ಇವೆಲ್ಲ ಆ ಚಿಂತೆಗೆ ಸಿಕ್ಕ ಉತ್ತರಗಳು. ಅವುಗಳ ಋಣ ದೊಡ್ಡದು. ಆದರೆ ಅವು ಮುಖ್ಯವಾಗಿ ಬರೆಯುವವರ ಕಷ್ಟ ನೀಗಿಸಿದವು. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ, ನುಡಿಯ ಹಳೆಯ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಪದವೇ ರೋಮನ್ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ ಹೀಗೆ ಕಾಣುತ್ತಿತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾಗಿ ರೂಪಿಸಿದ 1991ರ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. ಬರೆಯುವವರು ಅಲ್ಲಿಗೆ ಬರುವುದು ಮಾತ್ರ ಬಹಳ ತಡವಾಯಿತು.

2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ 'ಸಂಪದ' ಜಾಲತಾಣ ಬಂದ ಕಾಲಕ್ಕೆ ಹೊಸ ಅನುಕೂಲವೊಂದು ಕೈಗೆ ಬಂತು. ಯುನಿಕೋಡ್ ಬರಹ ಕಣ್ಣಿಗೆ ಕಾಣುವುದಷ್ಟೇ ಅಲ್ಲ, ಹುಡುಕಿದರೆ ಸಿಗುತ್ತದೆ, ನಕಲಿಸಬಹುದು, ದೃಷ್ಟಿ ಇಲ್ಲದವರಿಗೆ ತಂತ್ರಾಂಶ ಓದಿ ಹೇಳುತ್ತದೆ. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಇಂದು ನಾವೇ ಕೈಬಿಡುತ್ತಿದ್ದೇವೆ. ವಾಟ್ಸ್ಆ್ಯಪ್‌ಗೆಂದು ಇಡೀ ಲೇಖನವನ್ನು ಚಂದದ ಹಿನ್ನೆಲೆಯ ಚಿತ್ರವಾಗಿಸಿ ಕಳಿಸಿದರೆ ಅದು ಮತ್ತೆ ಫಾಂಟಿನ ಕಾಲದ ಮುಚ್ಚಿದ ಪೆಟ್ಟಿಗೆಯೇ. ಚಿತ್ರ ಹೆಚ್ಚು ಜನರಿಗೆ ತಲುಪುತ್ತದೆ ಎನ್ನುವವರಿದ್ದಾರೆ. ತಲುಪಲಿ, ಜೊತೆಗೆ ಪಠ್ಯವನ್ನೂ ಕಳಿಸಲು ಅಡ್ಡಿ ಏನಿದೆ?

ಬರಹ ಕೈಗೆ ಸಿಕ್ಕರೆ ಸಾಲದು, ಓದಲೂ ಸುಲಭವಾಗಬೇಕು. ತೆರೆಯ ಮೇಲೆ ಜನ ಓದುವ ರೀತಿಯ ಬಗ್ಗೆ ಪುರಾವೆ ಹಳೆಯದು. ಅಮೆರಿಕದಲ್ಲಿ ಜಾನ್ ಮೋರ್ಕ್ಸ್ ಮತ್ತು ಯಾಕೋಬ್ ನೀಲ್ಸನ್ 1997ರಲ್ಲಿ ಪರೀಕ್ಷಿಸಿದವರಲ್ಲಿ 79% ಮಂದಿ ಹೊಸ ಜಾಲಪುಟವನ್ನು ಕಣ್ಣಾಡಿಸಿ ನೋಡಿದರು. ಪದ ಪದವಾಗಿ ಓದಿದವರು 16%. ಒಂದೇ ಪ್ರವಾಸಿ ಮಾಹಿತಿಯನ್ನು ಬೇರೆ ಬೇರೆ ಬಗೆಯಲ್ಲಿ ಬರೆದು ನೋಡಿದಾಗ, ಅರ್ಧಕ್ಕೆ ಇಳಿಸಿದ ಬರಹ 58% ಹೆಚ್ಚು ಉಪಯುಕ್ತವಾಯಿತು. ನನಗೆ ಮುಖ್ಯವೆನಿಸುವುದು ಇನ್ನೊಂದು ಅಂಕಿ: ಪದಗಳನ್ನು ಇಳಿಸದೆ ಬರೀ ಬಡಾಯಿ ತೆಗೆದರೂ 27% ಸುಧಾರಿಸಿತು. ಉಬ್ಬಿಸಿದ ಮಾತನ್ನು ಜರಡಿ ಹಿಡಿಯುವ ಕೆಲಸವೂ ಓದುವವರ ತಲೆಯ ಮೇಲೆ ಬೀಳುತ್ತದೆ ಎಂದೇ ಇದರ ಅರ್ಥ. ಒಳಗಿನ ಸುದ್ದಿಯನ್ನು ಬಚ್ಚಿಟ್ಟು ಕುತೂಹಲ ಮಾತ್ರ ಕೆರಳಿಸುವ ಶೀರ್ಷಿಕೆಗಳಿಂದ ಆಗುವ ನಷ್ಟವೂ ಇದೇ.

ಇಂಗ್ಲಿಷಿನ ಆ ಲೆಕ್ಕ ಕನ್ನಡಕ್ಕೆ ಹಾಗೆಯೇ ಹೊಂದುತ್ತದೆಂದು ನಾನು ಹೇಳಲಾರೆ. ಆದರೆ ಕನ್ನಡದ ಕಟ್ಟೇ ಎಚ್ಚರಿಕೆ ಬೇಡುತ್ತದೆ, ಏಕೆಂದರೆ ನಮ್ಮ ವಾಕ್ಯದ ತೀರ್ಮಾನ ಕೊನೆಯಲ್ಲಿರುತ್ತದೆ. 'ಕಳೆದ ವರ್ಷ ಅರ್ಜಿ ಸಲ್ಲಿಸಿ ದಾಖಲೆ ಒದಗಿಸಲಾಗದೆ ಉಳಿದಿದ್ದ ರೈತರು ಈ ಬಾರಿ ಮತ್ತೆ ಅರ್ಜಿ ಹಾಕುವ ಅಗತ್ಯ' ಎಂಬಲ್ಲಿಗೆ ಫೋನಿನ ತೆರೆಯಲ್ಲಿ ನಾಲ್ಕು ಸಾಲು ಮುಗಿದಿರುತ್ತದೆ. ಇದೆಯೋ ಇಲ್ಲವೋ ಇನ್ನೂ ಬಂದಿಲ್ಲ. 'ಮತ್ತೆ ಅರ್ಜಿ ಹಾಕಬೇಕಿಲ್ಲ' ಎಂದು ಮೊದಲು ಹೇಳಿ, ಯಾರಿಗೆ, ಯಾಕೆ ಎಂಬುದನ್ನು ಆಮೇಲೆ ಬಿಡಿಸಿದರೆ ಅದೇ ರೈತನಿಗೆ ಒಂದು ದಿನದ ಓಡಾಟ ಉಳಿದೀತು.

ಹೀಗೆ ಬರೆದರೆ ಬರಹ ತೆಳುವಾಗುತ್ತದೆ, ಪ್ರಬಂಧದ ನಿಧಾನಕ್ಕೆ ಜಾಗ ಇರುವುದಿಲ್ಲ ಎಂಬ ಆಕ್ಷೇಪ ಗಂಭೀರವಾದದ್ದು. ಕಥೆಗೂ ಲಲಿತ ಪ್ರಬಂಧಕ್ಕೂ ಈ ಅಳತೆ ಹಿಡಿಯಬಾರದು. ಅಲ್ಲಿ ಓದುಗರು ನಿಧಾನವನ್ನೇ ಬಯಸಿ ಬಂದಿರುತ್ತಾರೆ. ಮಾಹಿತಿಗೆಂದು ಬಂದವರನ್ನು ಕಾಯಿಸುವುದಕ್ಕೂ ಆಳಕ್ಕೂ ಸಂಬಂಧವಿಲ್ಲ. ಜನ ಹುಡುಕುವ ಪದ ಬಳಸಿದರೆ ಭಾಷೆ ಕೆಡುತ್ತದೆ ಎಂಬ ಮಾತನ್ನೂ ಕೇಳುತ್ತೇವೆ. ರೈತರ ಬಾಯಲ್ಲಿರುವುದು ಪಹಣಿ, ಕೆಲವರಿಗೆ ಆರ್‌ಟಿಸಿ. ಅವೆರಡನ್ನೂ ಬಿಟ್ಟು 'ಭೂ ಹಿಡುವಳಿ ವಿವರಪತ್ರ' ಎಂದು ಬರೆದ ಲೇಖನ ಶುದ್ಧವಾಗಿಯೇ ಉಳಿಯುತ್ತದೆ, ಯಾರಿಗೂ ಸಿಗದೆ.

ಇನ್ನು ಹಳೆಯ ಫಾಂಟಿನಲ್ಲಿ ಉಳಿದ ಬರಹಗಳಿವೆ. ಪರಿವರ್ತಕ ತಂತ್ರಾಂಶಗಳು ಅವನ್ನು ಯುನಿಕೋಡಿಗೆ ತರುತ್ತವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಳ ತಪ್ಪುತ್ತವೆ. ಬರೆದವರೇ ಒಮ್ಮೆ ಕೂತು, 'ಸೂರ್ಯ', 'ಕಾರ್ಯ' ಸರಿಯಾಗಿ ಬಂದಿವೆಯೇ ಎಂದು ಸಾಲು ಸಾಲು ನೋಡಿ, ಮೊದಲು ಪ್ರಕಟವಾದ ದಿನಾಂಕವನ್ನೂ ಮೇಲೆ ಹಾಕಿದರೆ ಆ ಬರಹ ಮತ್ತೆ ಓದುಗರ ಕೈಗೆ ಬರುತ್ತದೆ.