ನಿಂತೇ ದುಡಿಯುವ ಕಾಲುಗಳಲ್ಲಿ ರಕ್ತ ಏಕೆ ನಿಲ್ಲುತ್ತದೆ?

ನಮ್ಮವ್ವ ಹುಬ್ಬಳ್ಳಿಯ ಸೀರೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ದುಡಿದಳು. ಗಿರಾಕಿ ಇರಲಿ, ಬಿಡಲಿ, ಕೂರುವಂತಿರಲಿಲ್ಲ. ರಾತ್ರಿ ಮನೆಗೆ ಬಂದಾಗ ಪಾದ ಊದಿಕೊಂಡು ಕಾಲ್ಗೆಜ್ಜೆಯ ಅಚ್ಚು ಮೂಡಿರುತ್ತಿತ್ತು. "ವಯಸ್ಸಾತು, ರಕ್ತ ಓಡಂಗಿಲ್ಲ ಬಿಡು" ಅಂತಿದ್ಲು. ಆಗ ಆಕೆಗೆ ನಲವತ್ತೆರಡು.

ಏರುವ ದಾರಿ

ಎಂಜಿನಿಯರಿಂಗ್ ಓದಿದ ನನಗೆ ಇದು ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಅರ್ಥವಾಯಿತು. ವಿಶ್ರಾಂತಿಯಲ್ಲಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಪಾದಕ್ಕೆ ಇಳಿದ ರಕ್ತ ಅಭಿಧಮನಿಗಳ ಮೂಲಕ ಮತ್ತೆ ಮೇಲೇರಬೇಕಲ್ಲ? ಅದಕ್ಕೆ ಮೀನಖಂಡವೇ ಎರಡನೇ ಪಂಪು. ನಡೆದಾಗ ಅದು ರಕ್ತನಾಳವನ್ನು ಹಿಂಡುತ್ತದೆ. ಏರಿದ ರಕ್ತ ಕೆಳಗೆ ಜಾರದಂತೆ ಒಳಗಿನ ಕವಾಟಗಳು ಫುಟ್‌ವಾಲ್ವ್ ಥರ ತಡೆಯುತ್ತವೆ.

ಅಲ್ಲಾಡದೆ ನಿಂತರೆ ಕಣಕಾಲಿನ ಅಭಿಧಮನಿಯ ಒತ್ತಡ ಸುಮಾರು 90 ಮಿ.ಮೀ. ಪಾದರಸದಷ್ಟಾಗುತ್ತದೆ. ನಡೆಯತೊಡಗಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ವರ್ಷಗಟ್ಟಲೆ ಒತ್ತಡ ತಿಂದ ಕವಾಟ ಸಡಿಲವಾದರೆ ನಾಳ ಉಬ್ಬಿ ಹುರಿಗಟ್ಟುತ್ತದೆ. ಇದೇ ವೆರಿಕೋಸ್ ವೇನ್ಸ್. ಸಂಜೆ ಕಾಲು ಭಾರ, ಬಾವು, ಆಮೇಲೆ ಕಣಕಾಲಿನ ಚರ್ಮ ಕಪ್ಪಾಗುವುದು, ಕೊನೆಗೆ ಮಾಯದ ಹುಣ್ಣು. ವಂಶವಾಹಿ, ಬಸಿರು, ಬೊಜ್ಜು ಕೂಡ ಕಾರಣವಾಗಬಹುದು.

ಇಳಿಯುವ ದಾರಿ

ಅಪಧಮನಿ ಕಿರಿದಾದರೆ ಕಥೆಯೇ ಬೇರೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಪಾದ ತಣ್ಣಗಿರುತ್ತದೆ. ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಇದರ ಮೂಲ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಅಪಧಮನಿಯ ಕಾಯಿಲೆಯ ಸೂಚನೆ. ಇಂಥವರಿಗೆ ಬಿಗಿ ಸ್ಟಾಕಿಂಗ್ಸ್ ಅಪಾಯ ತರಬಹುದು. ಹಾಗಾಗಿ ಡಾಕ್ಟರನ್ನು ಕೇಳದೆ ಹಾಕಬೇಡಿ.

ಏನು ಮಾಡಬೇಕು?

ಅರ್ಧ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯಿರಿ. ಆಗದಿದ್ದರೆ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಬಾವು ಇರುವವರು ಮಲಗಿದಾಗ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡಿ. ತಂಬಾಕು ಬಿಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಜೀವಕ್ಕೇ ಕುತ್ತು. ತಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಹೇಳುವುದು ಸುಲಭ. ಆದರೆ ಕೂತರೆ ಬೈಯುವ ಮಾಲೀಕನ ಮುಂದೆ ಅವ್ವ ಯಾವ ವ್ಯಾಯಾಮ ಮಾಡಬೇಕಿತ್ತು? ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಂಗಡಿಯ ಹೆಣ್ಣುಮಕ್ಕಳಿಗೆ ಅದು ದಕ್ಕಲಿಲ್ಲ. ಕೋಯಿಕ್ಕೋಡಿನಲ್ಲಿ ಪಿ. ವಿಜಿ ಮತ್ತು ಅವರ ಪೆಣ್‌ಕೂಟ್ಟು ಸಂಘಟನೆ ಬೀದಿಗಿಳಿದು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ಕೂರುವ ಹಕ್ಕನ್ನು ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು.

ಹಾಗಂತ ದಿನವಿಡೀ ಕೂತರೂ ಮೀನಖಂಡದ ಪಂಪು ನಿಂತೇಬಿಡುತ್ತದೆ. ಹೊಲಿಗೆ ಯಂತ್ರದ ಮುಂದಿರುವ ಗಾರ್ಮೆಂಟ್ಸ್ ಕಾರ್ಮಿಕರಿಗೂ, ಲ್ಯಾಪ್‌ಟಾಪ್ ಮುಂದಿರುವ ನನಗೂ ಅದೇ ಪಾಡು. ಬೇಕಾದಾಗ ಕೂರುವ, ಬೇಕಾದಾಗ ಎದ್ದು ಓಡಾಡುವ ಸ್ವಾತಂತ್ರ್ಯ ಬೇಕು. ನನಗದು ಉಂಟು, ಅವ್ವನಿಗೆ ಇರಲಿಲ್ಲ.

ಮುಂದಿನ ಸಲ ಬಟ್ಟೆ ಅಂಗಡಿಗೆ ಹೋದಾಗ ಕೌಂಟರಿನ ಹಿಂದೆ ಒಮ್ಮೆ ಇಣುಕಿ. ಸ್ಟೂಲು ಇದೆಯಾ? ಇಲ್ಲದಿದ್ದರೆ ಯಾಕಿಲ್ಲ ಅಂತ ಮಾಲೀಕರನ್ನೇ ಕೇಳಿ.